ನೀನು ಬಾವಲಿ ಅಂದದ್ದು ಪತಂಗ ಕಣೋ

ಲೋ ಮಾರಾಯ,

ಫೋಟೋ ಕಳಿಸಿದರೆ ‘ಬಾವಲಿ’ ಅಂತ ಬರೆದೆಯಲ್ಲ! ಕಕ್ಕಬ್ಬೆಯಲ್ಲಿ ಛತ್ರಿಯನ್ನು ಬೇರೇನೋ ಅಂದುಕೊಂಡ ಮೇಲೂ ನಿನ್ನ ಕಣ್ಣು ಹಾಗೇ ಇದೆ.

ಮೊನ್ನೆ ಮಳೆ ಸ್ವಲ್ಪ ಹೊಳವಾಗಿತ್ತು. ಬೆಳಿಗ್ಗೆ ಬಾಗಿಲು ತೆಗೆದರೆ ವರಾಂಡದ ಗೋಡೆಯಲ್ಲಿ, ದೀಪದ ಕೆಳಗೆ ಕೂತಿತ್ತು. ಅಟ್ಲಾಸ್ ಪತಂಗ. ರೆಕ್ಕೆಯ ತುದಿಯಿಂದ ತುದಿಗೆ ನನ್ನ ಒಂದು ಗೇಣು ತುಂಬಿತು. ಇಟ್ಟಿಗೆ ಬಣ್ಣ, ನಡುವೆ ಬಿಳಿ ಗೆರೆ, ತಿಳಿ ಗುಲಾಬಿ. ನಾಲ್ಕೂ ರೆಕ್ಕೆಗಳಲ್ಲಿ ಗಾಜಿನಂಥ ತ್ರಿಕೋನ. ಅದರೊಳಗಿಂದ ಗೋಡೆಯ ಸುಣ್ಣ ಕಾಣುತ್ತಿತ್ತು. ಮುಂದಿನ ರೆಕ್ಕೆಯ ತುದಿ ನೋಡಬೇಕು ನೀನು. ಥೇಟ್ ಹಾವಿನ ತಲೆ, ಕಣ್ಣೂ ಇದೆ!

ಈಶಾನ್ಯ ಭಾರತದ ಕಡೆ ಇರುವ ಅಟ್ಲಾಸ್ ಪತಂಗಕ್ಕೆ 1758ರಲ್ಲೇ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಹೆಸರಿಟ್ಟ. ನಮ್ಮ ಘಟ್ಟದ್ದು ಅದರ ಹತ್ತಿರದ ನೆಂಟ, ಅಟ್ಟಾಕಸ್ ಟ್ಯಾಪ್ರೊಬಾನಿಸ್. ಶ್ರೀಲಂಕಾದಲ್ಲೂ ಇದೆ. ಹುಳವಾಗಿದ್ದಾಗ ದಾಲ್ಚಿನ್ನಿ, ಸೀಬೆ ಎಲೆ ಮೇಯುತ್ತದೆ. ಆಮೇಲೆ ಎಲೆ ಸುತ್ತಿಕೊಂಡು ರೇಷ್ಮೆ ಗೂಡು ಕಟ್ಟುತ್ತದೆ.

ಗೂಡಿನಿಂದ ಹೊರಗೆ ಬಂದ ಮೇಲೆ ಇದಕ್ಕೆ ತಿನ್ನಲು ಬಾಯಿಯೇ ಇಲ್ಲ, ಗೊತ್ತಾ? ಹುಳವಾಗಿದ್ದಾಗ ಕೂಡಿಟ್ಟ ಕೊಬ್ಬಿನಲ್ಲೇ ಬದುಕು. ಜಾಸ್ತಿ ಅಂದರೆ ಒಂದೆರಡು ವಾರ. ಮೀಸೆ ಜರೀಗಿಡದ ಎಲೆಯ ಹಾಗೆ ಅಗಲವಾಗಿತ್ತು, ಅಂದರೆ ಗಂಡು. ಕತ್ತಲಲ್ಲಿ ಹೆಣ್ಣಿನ ವಾಸನೆ ಹಿಡಿದು ಹಾರಿ ಹೋಗಬೇಕಾದದ್ದು. ದೀಪಕ್ಕೆ ಸಿಕ್ಕಿ ನನ್ನ ಗೋಡೆಯಲ್ಲಿ ಎರಡು ರಾತ್ರಿ ಕಳೆಯಿತು.

ಇದು ನನ್ನ ಕೈಲಿ ತಡೆಯಲಾಗಲಿಲ್ಲ. ಆ ದೀಪ ಆನೆ ಬಾರದಿರಲಿ ಅಂತ ಹಾಕಿಸಿದ್ದು ಎಂದು ಎಲ್ಲರಿಗೂ ಹೇಳಿದ್ದೇನೆ, ನಿನಗೂ. ಸುಳ್ಳು ಕಣೋ. ಅಪ್ಪ ಹೋದ ಮೇಲೆ ಹಾಕಿಸಿದ್ದು. ರಾತ್ರಿ ಎಚ್ಚರವಾದಾಗ ಅವರ ಕುರ್ಚಿ ಕತ್ತಲಲ್ಲಿ ಇರುವುದು ನನ್ನ ಕೈಲಿ ನೋಡಲಾಗುವುದಿಲ್ಲ. ಸಂಜೆ ಆರಕ್ಕೆ ಸ್ವಿಚ್ ಒತ್ತಿದರೆ ಬೆಳಗಿನವರೆಗೆ ಆರಿಸುವುದಿಲ್ಲ. ಎರಡು ವರ್ಷವಾಯಿತು. ಎಷ್ಟು ಪತಂಗಗಳು ಈ ಗೋಡೆಗೆ ಬಂದು ಕೂತು ಸೋತವೋ. ಬೆಳಿಗ್ಗೆ ಗುಡಿಸುವಾಗ ರೆಕ್ಕೆ ಸಿಗುತ್ತಿತ್ತು. ಸುಮ್ನೆ ಕಸದ ಜೊತೆ ಎತ್ತಿ ಹಾಕುತ್ತಿದ್ದೆ.

ನಿನ್ನೆ ರಾತ್ರಿ ದೀಪ ಆರಿಸಿದೆ. ಕುರ್ಚಿಯಲ್ಲಿ ನಾನೇ ಕೂತೆ. ಮೊದಲು ಏನೂ ಕಾಣಲಿಲ್ಲ. ಆಮೇಲೆ ಕಾಫಿ ಗಿಡಗಳ ಮೇಲೆ ಮಿಂಚುಹುಳ ಕಂಡವು. ಯಾವಾಗಲೋ ಗೋಡೆಯಿಂದ ಪಟಪಟ ಸದ್ದಾಯಿತು. ಎದ್ದು ಮುಟ್ಟಿ ನೋಡಿದೆ, ಇರಲಿಲ್ಲ.

ಇಷ್ಟೆಲ್ಲ ಬರೆಯಬೇಕು ಅಂತ ಇರಲಿಲ್ಲ, ಬಿಡು. ಕೈಲ್ ಮುಹೂರ್ತ ಹಬ್ಬಕ್ಕೆ ಬರುತ್ತೀಯಲ್ವಾ? ಪಂದಿ ಕರಿ, ಕಡಂಬುಟ್ಟು ಎರಡೂ ಇರುತ್ತದೆ. ಛತ್ರಿ ಬೇಡ, ದೇವರಾಣೆ ಬೇಡ. ಟಾರ್ಚ್ ತಾ. ಗೇಟಿನಿಂದ ಮನೆವರೆಗೆ ಈಗ ಕತ್ತಲು.