ಪಕ್ಷ ಹೋಯಿತು, ಹೊಸ ಬೋರ್ಡು ಬಂತು. ನನ್ನ ಬುಧವಾರ?

ಮಾನ್ಯರೆ,

ಗುರುವಾರದ ನಿಮ್ಮ ಪತ್ರಿಕೆಯಲ್ಲಿ ಬ್ಯಾಂಕಾಕ್ ಸುದ್ದಿ ನೋಡಿದೆ. ಮೂವ್ ಫಾರ್ವರ್ಡ್ ಪಕ್ಷವನ್ನು ಥೈಲ್ಯಾಂಡಿನ ಸಂವಿಧಾನ ಕೋರ್ಟು ಬುಧವಾರ ವಿಸರ್ಜಿಸಿತು, ಅದರ ಮಾಜಿ ನಾಯಕ ಪಿತಾ ಲಿಮ್‌ಜರೋನ್‌ರಟ್ ಅವರಿಗೆ 10 ವರ್ಷ ರಾಜಕೀಯ ನಿಷೇಧ. ಆರು ಸಾಲು, ಮುಗೀತು. ಅದರ ಕೆಳಗಿನ ಸೀರೆ ಅಂಗಡಿ ಜಾಹೀರಾತು ಅದಕ್ಕಿಂತ ದೊಡ್ಡದಿತ್ತು. ಆ ಆರು ಸಾಲು ಹುಟ್ಟಿದ ಹೊತ್ತಿನಲ್ಲಿ ನಾನು ಎಲ್ಲಿದ್ದೆ ಗೊತ್ತಾ? ಅದೇ ಆವರಣದಲ್ಲಿ, 214ನೇ ಟೋಕನ್ ಹಿಡಿದುಕೊಂಡು ಕೂತಿದ್ದೆ.

ಕೋರ್ಟು ಇರುವ ಚೇಂಗ್ ವತ್ತನದ ಸರ್ಕಾರಿ ಕಟ್ಟಡಗಳಲ್ಲೇ ನಮ್ಮಂಥ ಪರದೇಶಿಗಳು ಅಲೆಯಬೇಕಾದ ಕಚೇರಿಗಳೂ ಇವೆ. ನಾನು ಹೋಗಿದ್ದು ಯಾವ ಕಚೇರಿಗೆ ಅಂತ ಹೇಳುವುದಿಲ್ಲ. ಮಂಗಳವಾರ ಮತ್ತೆ ಅಲ್ಲಿಗೇ ಹೋಗಬೇಕು.

ನಾನಿರುವುದು ರಾಮ್‌ಖಮ್ಹೇಂಗ್ ಕಡೆ. ಬೆಳಿಗ್ಗೆ ಏಳಕ್ಕೇ ಹೊರಟೆ. ಸುರಿಯುವ ಮಳೆ. ಬೇರೆ ದಿನ 250 ಬಾತ್ ತೋರಿಸುವ ಟ್ಯಾಕ್ಸಿ ಆ್ಯಪ್ ಅವತ್ತು 430 ತೋರಿಸಿತು. ಗೇಟಿನಲ್ಲಿ ಪೊಲೀಸರು, ತಡೆಬೇಲಿ, ಬ್ಯಾಗ್ ತಪಾಸಣೆ. ನನ್ನ ಬ್ಯಾಗಿನಲ್ಲಿದ್ದದ್ದು ಕಾಗದಪತ್ರ ಮತ್ತು ಚಿತ್ರಾನ್ನದ ಡಬ್ಬಿ. ಮುಚ್ಚಳ ತೆಗೆಸಿ, ಮೂಸಿ ನೋಡಿ, ಹೋಗು ಅಂದರು. ಹಳದಿ, ಅಂದರೆ ಇಲ್ಲಿನ ರಾಜನ ಬಣ್ಣ, ಕಂಡು ಬಿಟ್ಟರು ಅಂತ ನನ್ನ ಅನುಮಾನ. ಕ್ಯಾರೆಟ್ ಜಾಸ್ತಿ ಹಾಕಿ ಮೂವ್ ಫಾರ್ವರ್ಡ್ ಪಕ್ಷದ ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ನನ್ನ ಗತಿ ಏನಾಗುತ್ತಿತ್ತೋ!

ಮಧ್ಯಾಹ್ನದವರೆಗೂ ಟೋಕನ್ ಆಮೆಯ ಹಾಗೆ ನಡೆಯಿತು. ಎರಡೂವರೆಗೆ ನನ್ನ ಸರದಿ. ಒಂದು ಜೆರಾಕ್ಸ್ ಕಡಿಮೆ ಇದೆ ಅಂದರು. ಹೋದ ಸಲ ಅದನ್ನೇ ಕೊಟ್ಟಾಗ ಬೇಡ ಅಂದಿದ್ದರು. ಓಡಿದೆ. ಜೆರಾಕ್ಸ್ ಹೆಂಗಸು ನನ್ನ ಪಾಸ್‌ಪೋರ್ಟನ್ನು ಗಾಜಿನ ಮೇಲೆ ಮಕಾಡೆ ಮಲಗಿಸಿದರು. ಅಷ್ಟರಲ್ಲಿ ಗೋಡೆಗೆ ಒರಗಿಸಿಟ್ಟ ಫೋನಿನಲ್ಲಿ ಮೂರು ಗಂಟೆಯ ತೀರ್ಪು ಓದುವುದು ಶುರುವಾಯಿತು. ಅವರ ಕೈ ಹಾಗೇ ನಿಂತಿತು. ಮುಚ್ಚಳ ತೆರೆದೇ ಇತ್ತು. ನನ್ನ ಹಿಂದೆ ನಿಂತಿದ್ದ ಏಳೆಂಟು ಜನರೂ ಕತ್ತು ಚಾಚಿ ಆ ಪುಟ್ಟ ಪರದೆಯನ್ನೇ ನೋಡುತ್ತಿದ್ದರು. ಒಂಬತ್ತು ನ್ಯಾಯಮೂರ್ತಿಗಳು, ಒಂಬತ್ತೂ ಜನ ಒಂದೇ ಮಾತು. ಒಬ್ಬರೂ ಕೂಗಲಿಲ್ಲ. ಆ ಹೆಂಗಸು ಕಣ್ಣೊರೆಸಿಕೊಂಡರು, ಪಾಸ್‌ಪೋರ್ಟ್ ತೆಗೆದರು, ನನ್ನ ಮುಖ ನೋಡದೆ "ಸಾಮ್ ಬಾತ್" ಅಂದರು. ಮೂರು ಬಾತ್. ಜೆರಾಕ್ಸ್ ಆಗಿಯೇ ಇಲ್ಲ ಅಂತ ಹೇಳುವ ಧೈರ್ಯ ನನಗಾಗಲಿಲ್ಲ. ದುಡ್ಡು ಕೊಟ್ಟು ಬಂದೆ.

ಕೌಂಟರ್‌ಗೆ ವಾಪಸ್ ಬಂದರೆ ಸಿಸ್ಟಮ್ ಹೋಗಿದೆ, ಶುಕ್ರವಾರ ಬಾ ಅಂದರು. ಶುಕ್ರವಾರ ಹೋದೆ. ಫೋಟೊ ಹಳೆಯದು ಅಂದರು. ಸೋಮವಾರ 12ನೇ ತಾರೀಕು, ಅಮ್ಮಂದಿರ ದಿನದ ರಜೆ. ಮಂಗಳವಾರ ಬಾ ಅಂದಿದ್ದಾರೆ. ಎಲ್ಲವನ್ನೂ ನಗುನಗುತ್ತಾ ಹೇಳುತ್ತಾರೆ, ಅದೊಂದು ಸಮಾಧಾನ.

ಬುಧವಾರ ಮನೆಗೆ ಬರುವಾಗ ಇನ್ನೊಂದು ಪಾಡು. ಪಕ್ಷದ ಕಟ್ಟಡ ಇರುವುದು ನಮ್ಮ ಬಡಾವಣೆ ಹುವಾ ಮಾಕ್‌ನಲ್ಲೇ. ಜನ ಅಲ್ಲಿಗೆ ಹೊರಟಿದ್ದರು. ಕಲ್ಲು ತೂರಲಿಲ್ಲ, ಬಸ್ಸಿಗೆ ಬೆಂಕಿ ಇಡಲಿಲ್ಲ. ತಬ್ಬಿಕೊಂಡು ಅತ್ತರು, ಅಷ್ಟೇ. ಆದರೂ ಕಾರು ಕದಲಲಿಲ್ಲ. ಇಳಿದು ಬೈಕ್ ಟ್ಯಾಕ್ಸಿ ಹತ್ತಿದೆ. ಇಲ್ಲಿನ ಬೈಕ್ ಟ್ಯಾಕ್ಸಿಯವರದು ಕಿತ್ತಳೆ ಜಾಕೆಟ್. ಸಿಗ್ನಲ್‌ನಲ್ಲಿ ಆತ ತಿರುಗಿ, "ನನ್ನ ಜಾಕೆಟ್ಟೂ ಕಿತ್ತಳೆ, ನನ್ನನ್ನೂ ವಿಸರ್ಜಿಸುತ್ತಾರಾ?" ಅಂದ. ನಗಬೇಕೋ ಬೇಡವೋ ಗೊತ್ತಾಗಲಿಲ್ಲ. ಮನೆ ಮುಟ್ಟಿದಾಗ ರಾತ್ರಿ ಎಂಟು. ಬೆಳಿಗ್ಗೆ ರುಬ್ಬಿಟ್ಟಿದ್ದ ದೋಸೆ ಹಿಟ್ಟು ಉಕ್ಕಿ, ಅಡುಗೆಕಟ್ಟೆಯಿಂದ ಇಳಿದು ನೆಲದ ಮೇಲೆ ಹೊರಟಿತ್ತು. ಅದಕ್ಕಾದರೂ ಮುಂದೆ ಹೋಗಲು ಯಾರ ಅಡ್ಡಿಯೂ ಇರಲಿಲ್ಲ.

ಇಷ್ಟೆಲ್ಲ ಆಗಿ ಸಾಧಿಸಿದ್ದೇನು? ನಿನ್ನೆ, ಅಂದರೆ ತೀರ್ಪು ಬಂದ ಎರಡನೇ ದಿನಕ್ಕೆ, ಅದೇ ಪಕ್ಷದ 143 ಸಂಸದರು ಒಂದು ಪುಟ್ಟ ಪಕ್ಷಕ್ಕೆ ಸೇರಿ, ಅದಕ್ಕೆ ಪೀಪಲ್ಸ್ ಪಾರ್ಟಿ ಅಂತ ಹೆಸರಿಟ್ಟರು. ನತ್ತಫಾಂಗ್ ಹೊಸ ನಾಯಕ. ಅದೇ ಕಿತ್ತಳೆ, ಅದೇ ತ್ರಿಕೋನ. ನಮ್ಮ ಆಫೀಸಿನ ಹುಡುಗಿ, ನನ್ನನ್ನು 'ಪೀ' ಅಂತ, ಅಂದರೆ ಅಣ್ಣಾ ಅಂತ ಕರೆಯುವವಳು, ಗುರುವಾರ ಫೋನಿನ ಹಿಂದಿದ್ದ ಪಕ್ಷದ ಸ್ಟಿಕ್ಕರನ್ನು ಉಗುರಿನಿಂದ ಕೆರೆಯುತ್ತಾ ಕೂತಿದ್ದಳು. ಅರ್ಧ ಕಿತ್ತು ಬಿಟ್ಟಳು. ಮಾತೆತ್ತಿದರೆ 'ಮಾಯ್ ಪೆನ್ ರಾಯ್', ಪರವಾಗಿಲ್ಲ ಬಿಡು ಅನ್ನುವ ಹುಡುಗಿ ಅವತ್ತು ಹಾಗನ್ನಲಿಲ್ಲ. 2019ರಲ್ಲಿ ಮೊದಲ ಓಟು ಮೂವ್ ಫಾರ್ವರ್ಡ್ ಪಕ್ಷದ ಹಿಂದಿನ ಅವತಾರ ಫ್ಯೂಚರ್ ಫಾರ್ವರ್ಡ್‌ಗೆ ಹಾಕಿದ್ದಳಂತೆ. ನಾಯಕನಿಂದ 19.12 ಕೋಟಿ ಬಾತ್ ಸಾಲ ಪಡೆದದ್ದು ತಪ್ಪು ಅಂತ 2020ರ ಫೆಬ್ರುವರಿಯಲ್ಲಿ ಅದನ್ನು ವಿಸರ್ಜಿಸಿದರು. ಎರಡನೇ ಓಟು 2023ರಲ್ಲಿ, ಮೂವ್ ಫಾರ್ವರ್ಡ್‌ಗೆ. "ಪೀ, ನನ್ನ ಕೈಯೇ ಸರಿ ಇಲ್ಲ ಅನ್ನಿಸುತ್ತೆ" ಅಂದಳು. ನಿನ್ನೆ ಸಂಜೆ ನೋಡಿದರೆ ಹೊಸ ಪಕ್ಷದ ಸದಸ್ಯತ್ವದ ರಸೀದಿ ತೋರಿಸುತ್ತಿದ್ದಾಳೆ!

ಅವಳೊಬ್ಬಳ ಕಥೆಯಲ್ಲ ಇದು. ಹೋದ ವರ್ಷ ಮೇ 14ರಂದು ಸುಮಾರು 1.4 ಕೋಟಿ ಜನ ಈ ಪಕ್ಷಕ್ಕೆ ಓಟು ಹಾಕಿದರು. 500ರಲ್ಲಿ 151 ಸ್ಥಾನ, ಎಲ್ಲರಿಗಿಂತ ಜಾಸ್ತಿ. ನಮ್ಮ ಬ್ಯಾಂಕಾಕಿನಲ್ಲಿ 33ಕ್ಕೆ 32. ಆದರೂ ಪಿತಾ ಪ್ರಧಾನಿ ಆಗಲಿಲ್ಲ. ಪ್ರಧಾನಿ ಆಯ್ಕೆಯಲ್ಲಿ ಓಟು ಇದ್ದ, ಸೇನೆಯವರ ಕಾಲದಲ್ಲಿ ನೇಮಕವಾದ 250 ಸೆನೆಟರುಗಳಲ್ಲಿ ಅವರಿಗೆ ಕೈ ಎತ್ತಿದವರು 13 ಜನ. ಈಗ ಪಕ್ಷವೂ ಇಲ್ಲ. ಕಾರಣ, ರಾಜಮನೆತನವನ್ನು ನಿಂದಿಸಿದರೆ ಶಿಕ್ಷೆ ಕೊಡುವ 112ನೇ ಕಲಂ ತಿದ್ದುತ್ತೇವೆ ಅಂತ ಚುನಾವಣೆಯಲ್ಲಿ ಹೇಳಿದ್ದು. ಆ ಕಲಮಿನ ಬಗ್ಗೆ ನಾನು ಇಲ್ಲಿ ಕೂತು ಏನೂ ಬರೆಯುವುದಿಲ್ಲ. ಒಂದೊಂದು ತಪ್ಪಿಗೆ 3ರಿಂದ 15 ವರ್ಷ ಅಂತ ಅದರಲ್ಲೇ ಬರೆದಿದೆ. ಅಮೆರಿಕ, ಯುರೋಪಿನವರು ಕಳವಳ ವ್ಯಕ್ತಪಡಿಸಿದ್ದಾರೆ. ವ್ಯಕ್ತಪಡಿಸಲಿ. ಅವರಿಗೇನು, ಟೋಕನ್ ತಗೋಬೇಕಾ?

ನಾನು ಈ ಊರಿಗೆ ಬಂದದ್ದು 2007ರಲ್ಲಿ. ಬಂದ ವರ್ಷವೇ ಥಾಯ್ ರಕ್ ಥಾಯ್ ಪಕ್ಷ ಹೋಯಿತು, 111 ಜನರಿಗೆ ಐದು ವರ್ಷ ನಿಷೇಧ. 2008ರಲ್ಲಿ ಟೀವಿಯಲ್ಲಿ ಅಡುಗೆ ಕಾರ್ಯಕ್ರಮ ನಡೆಸಿ ದುಡ್ಡು ಪಡೆದರು ಅಂತ ಪ್ರಧಾನಿ ಸಮಕ್ ಅವರನ್ನೇ ಇಳಿಸಿದರು. ನಾನು ಸುಳ್ಳು ಹೇಳುತ್ತಿಲ್ಲ, ಅಡುಗೆ ಕಾರ್ಯಕ್ರಮವೇ. ಆಮೇಲೆ ಸರ್ಕಾರದ ವಿರುದ್ಧ ಎದ್ದಿದ್ದ ರಾಜನಿಷ್ಠ ಹಳದಿ ಅಂಗಿಯವರು ಸುವರ್ಣಭೂಮಿ ವಿಮಾನ ನಿಲ್ದಾಣಕ್ಕೆ ನುಗ್ಗಿ ಕೂತರು. ನವೆಂಬರ್ 25ರಿಂದ ಡಿಸೆಂಬರ್ 3ರವರೆಗೆ. ಅಪ್ಪ ಅಮ್ಮ ಆಗ ತಾನೇ ಊರು ನೋಡಲು ಬಂದಿದ್ದರು, 27ಕ್ಕೆ ವಾಪಸ್ ಟಿಕೆಟ್. ಅಮ್ಮನ ಬಿಪಿ ಮಾತ್ರೆ ಲೆಕ್ಕ ಹಾಕಿ ತಂದದ್ದು, ಮುಗಿದೇ ಹೋಯಿತು. ಔಷಧಿ ಅಂಗಡಿಯಲ್ಲಿ ಮಾತ್ರೆಯ ಖಾಲಿ ಹಾಳೆ ತೋರಿಸಿ, ಕೈಸನ್ನೆ ಮಾಡಿ ಹುಡುಕಿದೆ. ಕೊನೆಗೆ ಬಸ್ಸಿನಲ್ಲಿ ಪಟ್ಟಾಯದ ಆಚೆ ಊ ತಪಾವ್ ನೌಕಾನೆಲೆಗೆ ಕರೆದುಕೊಂಡು ಹೋಗಿ ವಿಮಾನ ಹತ್ತಿಸಿದೆ. ಡಿಸೆಂಬರ್ 2ಕ್ಕೆ ಕೋರ್ಟು ಆಳುವ ಪಕ್ಷವನ್ನೇ ವಿಸರ್ಜಿಸಿತು, ಮಾರನೇ ದಿನ ಹಳದಿಯವರು ಚಾಪೆ ಸುತ್ತಿಕೊಂಡು ಎದ್ದರು. ಅಮ್ಮ ಇವತ್ತಿಗೂ ಬ್ಯಾಂಕಾಕ್ ಅಂದರೆ ಕೈ ಮುಗಿಯುತ್ತಾರೆ.

ನಮ್ಮ ಕರ್ನಾಟಕದಲ್ಲಿ ಪಕ್ಷ ಒಡೆಯುವುದಕ್ಕೆ ರೆಸಾರ್ಟ್ ಬೇಕು, ಈಜುಕೊಳ ಬೇಕು, ಶಾಸಕರಿಗೆ ಬಿರಿಯಾನಿ ಬೇಕು. ಇಲ್ಲಿ ಅದ್ಯಾವ ಖರ್ಚೂ ಇಲ್ಲ. ಒಂದು ಅರ್ಜಿ ಸಾಕು.

ಕಿತ್ತಳೆ ಅಂದೆನಲ್ಲ, ಇನ್ನೊಂದು ಹೇಳಿಬಿಡುತ್ತೇನೆ. ನಮ್ಮ ರಾಮ್‌ಖಮ್ಹೇಂಗ್ ರಸ್ತೆಯನ್ನು ವರ್ಷಗಟ್ಟಲೆ ಅಗೆದು ಮೆಟ್ರೊ ಸುರಂಗ ಮಾಡಿದರು. ಆ ಮಾರ್ಗದ ಹೆಸರೂ ಆರೆಂಜ್ ಲೈನ್! ಈ ಕಡೆಯ ಸುರಂಗ ಮುಗಿದಿದೆ, ರೈಲಿಲ್ಲ. ಇನ್ನರ್ಧದ ಟೆಂಡರ್ ಜಗಳ ಕೋರ್ಟು ಮೆಟ್ಟಿಲು ಹತ್ತಿ ಇಳಿದು, ಕಳೆದ ತಿಂಗಳು ಸಹಿ ಬಿತ್ತು. ದಿನಾ ಆ ಬೀಗ ಹಾಕಿದ ಸ್ಟೇಷನ್ ಮೇಲೆಯೇ ಟ್ರಾಫಿಕ್‌ನಲ್ಲಿ ನಿಲ್ಲುತ್ತೇನೆ. ಈ ದೇಶದ ಅಧಿಕಾರಿಗಳಿಗೆ ಕಿತ್ತಳೆ ಬಣ್ಣ ಆಗಿಬರುವುದಿಲ್ಲವೋ ಏನೋ.

ಈ ಮಧ್ಯೆ ದಾವಣಗೆರೆಯಿಂದ ಭಾವ ಫೋನ್ ಮಾಡಿದರು. ನಿಮ್ಮ ಆರು ಸಾಲು ಓದಿ, "ಅಲ್ಲಿ ಪಿತಾಶ್ರೀಗಳಿಗೆ ಏನೋ ಆಗಿದೆಯಂತೆ, ನಾವು ಇಪ್ಪತ್ತು ಜನ ಪಟ್ಟಾಯಕ್ಕೆ ಬುಕ್ ಮಾಡಿದ್ದೀವಿ, ವೀಸಾ ಬೇರೆ ಬೇಡ, ಬರಬಹುದಾ?" ಅಂತ. ಬನ್ನಿ ಭಾವ, ಬೀಚಿಗೇನೂ ಆಗಿಲ್ಲ ಅಂದೆ. ಇದಕ್ಕೇ ಹೇಳುವುದು, ಸುದ್ದಿ ಹಾಕಿದರೆ ಪೂರ್ತಿ ಹಾಕಿ. ಇಲ್ಲವಾದರೆ ಹಾಕಲೇಬೇಡಿ.

ಇಂಥ ಪತ್ರದ ಕೊನೆಗೆ 'ಸಂಬಂಧಪಟ್ಟವರು ಇತ್ತ ಗಮನ ಹರಿಸಲಿ' ಅಂತ ಬರೆಯುವುದು ರೂಢಿ. ಇಲ್ಲಿ ಸಂಬಂಧಪಟ್ಟವರು ಗಮನ ಹರಿಸಿದ್ದೇ ಜಾಸ್ತಿಯಾಗಿದೆ. ಓಟು ಎಣಿಸಿದ ಮೇಲೆ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಅದಾಗದಿದ್ದರೆ ಓಟೇ ಬೇಡ ಅಂತ ಹೇಳಿಬಿಡಿ, ಜನ ಭಾನುವಾರ ಮಲಗಿಕೊಳ್ಳಲಿ. ಅದೂ ಆಗದಿದ್ದರೆ ಕೋರ್ಟನ್ನಾದರೂ ಬೇರೆ ಕಡೆ ಸಾಗಿಸಿ, ಇಲ್ಲವೇ ನಾನು ಅಲೆಯುವ ಕಚೇರಿಯನ್ನು ಸಾಗಿಸಿ. ನಾಚಿಕೆ ಅನ್ನುವುದು ಬೇಡವಾ?

14ಕ್ಕೆ ಪ್ರಧಾನಿ ಶ್ರೇತ್ತಾ ಅವರ ಸರದಿ, ಅದೇ ಕೋರ್ಟಿನಲ್ಲಿ. ಹಿಂದೆ ಜೈಲಿಗೆ ಹೋಗಿ ಬಂದ ವಕೀಲರೊಬ್ಬರನ್ನು ಮಂತ್ರಿ ಮಾಡಿದ್ದರು ಅನ್ನುವ ಕೇಸು. ಆ ಪ್ರಕರಣ ಏನು ಅಂದರೆ, 2008ರಲ್ಲಿ ಸುಪ್ರೀಂ ಕೋರ್ಟಿನ ಸಿಬ್ಬಂದಿಗೆ ತಿಂಡಿ ಚೀಲದಲ್ಲಿ 20 ಲಕ್ಷ ಬಾತ್ ಲಂಚ ಕೊಡಲು ಹೋದದ್ದು. ನನ್ನ ಚಿತ್ರಾನ್ನದ ಡಬ್ಬಿಯನ್ನು ಅಷ್ಟು ಹೊತ್ತು ಯಾಕೆ ಮೂಸಿದರು ಅಂತ ಈಗ ಅರ್ಥವಾಯಿತು.

ದಯವಿಟ್ಟು ನನ್ನ ಹೆಸರು ಹಾಕಬೇಡಿ. ಮಂಗಳವಾರ ಹೋದರೆ ಖಂಡಿತ ಇನ್ನೊಂದು ಜೆರಾಕ್ಸ್ ಕೇಳುತ್ತಾರೆ, ನಾಳೆ ಬಾ ಅನ್ನುತ್ತಾರೆ. ನಾಳೆ ಅಂದರೆ 14, ಬುಧವಾರ.

— ಹಳೆಯ ಓದುಗ, ಬ್ಯಾಂಕಾಕ್
10 ಆಗಸ್ಟ್ 2024