ಕಂಪನಿ ಅಕ್ಕನಿಗೆ, ಮತ್ತು ಉಳಿದೆಲ್ಲರಿಗೆ

ಕೆನಡಾದ ನ್ಯಾಷನಲ್ ಬ್ಯಾಲೆ ತಂಡ ಹುಟ್ಟಿ ಬೆಳೆದ ಬಗೆಯನ್ನು ಕುರಿತ ನನ್ನ ಪುಸ್ತಕ ಕಳೆದ ಭಾನುವಾರ ಬಳ್ಳಾರಿಯ ರಾಘವ ಕಲಾಮಂದಿರದಲ್ಲಿ ಬಿಡುಗಡೆಯಾಯಿತು. ಓದಬೇಕೆಂದು ಬರೆದುಕೊಂಡು ಹೋಗಿದ್ದ ಎರಡು ಹಾಳೆಗಳನ್ನು ನನ್ನಿಂದ ಓದಲು ಆಗಲಿಲ್ಲವೆಂಬುದನ್ನು ಅಲ್ಲಿದ್ದವರೆಲ್ಲ ಕಂಡಿದ್ದಾರೆ. ಅಂದು ಗಂಟಲಲ್ಲೇ ಉಳಿದ ಮಾತುಗಳನ್ನು ಈಗ ಸಮಾಧಾನದಿಂದ ಕೂತು ಬರೆಯುತ್ತಿದ್ದೇನೆ.

ಟೊರಾಂಟೊದಿಂದ ಹಳೆಯ ಪತ್ರಿಕೆಗಳ ಪ್ರತಿಗಳನ್ನು ಕಳಿಸಿದ ನನ್ನ ಹಳೆಯ ವಿದ್ಯಾರ್ಥಿನಿ, ಮೂರು ಬಾರಿ ಕರಡು ತಿದ್ದಿದ ಸಹೋದ್ಯೋಗಿ, ಫ್ರೆಂಚ್ ಹೆಸರುಗಳ ಉಚ್ಚಾರಣೆಯನ್ನು ಫೋನಿನಲ್ಲೇ ಕಲಿಸಿದ ಮಗಳು, ಕಾಗದದ ಬೆಲೆ ಏರಿದರೂ ಒಪ್ಪಿದ ದರಕ್ಕೇ ಮುದ್ರಿಸಿಕೊಟ್ಟ ಮುದ್ರಣಾಲಯದವರು, ಇವರೆಲ್ಲರ ಋಣ ನನ್ನ ಮೇಲಿದೆ.

ಬಳ್ಳಾರಿಯಲ್ಲಿ ಕೂತು ಟೊರಾಂಟೊದ ಬ್ಯಾಲೆಯ ಚರಿತ್ರೆ ಬರೆಯುವ ಅಗತ್ಯವೇನಿತ್ತೆಂದು ಹಲವರು ಕೇಳಿದ್ದಾರೆ. ಹಸ್ತಪ್ರತಿಯನ್ನು ಹಿಂದಿರುಗಿಸಿದ ಪ್ರಕಾಶಕರೊಬ್ಬರೂ ಇದನ್ನೇ ಕೇಳಿದ್ದರು. ನಾನು ಮೂವತ್ತು ವರ್ಷ ಈ ಊರಿನ ಮಕ್ಕಳಿಗೆ ಭರತನಾಟ್ಯ ಕಲಿಸಿದವಳು. ನನ್ನಲ್ಲಿ ಕಲಿತು ದೊಡ್ಡವರಾದ ಹದಿನಾಲ್ಕು ಮಂದಿಯನ್ನು ಸೇರಿಸಿಕೊಂಡು ಒಮ್ಮೆ ನೃತ್ಯನಾಟಕದ ತಂಡವೊಂದನ್ನು ಕಟ್ಟಿದ್ದೆ. ಅದು ನಾಲ್ಕು ವರ್ಷ ಬಾಳಿತು. ಅದು ಚದುರಿದ್ದು ಪ್ರತಿಭೆ ಸಾಲದೆ ಅಲ್ಲ; ತಾಲೀಮಿಗೆ ಖಾಯಂ ಜಾಗವಿರಲಿಲ್ಲ, ಮದುವೆಯಾಗಿ ಬೇರೆ ಊರಿಗೆ ಹೋದ ಹುಡುಗಿಯರ ಜಾಗಕ್ಕೆ ತಯಾರಾದ ಹೊಸಬರಿರಲಿಲ್ಲ, ಪ್ರದರ್ಶನದ ಮರುದಿನ ಲೆಕ್ಕ ಬರೆಯಲು ಒಬ್ಬರೂ ಇರಲಿಲ್ಲ. ಹಾಗಾದರೆ ಉಳಿಯುವ ತಂಡಗಳು ಹೇಗೆ ಉಳಿಯುತ್ತವೆ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಡಲಿಲ್ಲ. ಓದುತ್ತಾ ಹೋದಾಗ ಸಿಕ್ಕಿದವರು ಸೀಲಿಯಾ ಫ್ರಾಂಕಾ.

ಆಕೆ ಲಂಡನ್ನಿನ ನರ್ತಕಿ. ತಮ್ಮ ಊರಿನಲ್ಲಿ ಒಂದು ಬ್ಯಾಲೆ ತಂಡ ಇರಬೇಕೆಂದು ಹಂಬಲಿಸಿದ ಟೊರಾಂಟೊದ ಕೆಲವರು ಸ್ಯಾಡ್ಲರ್ಸ್ ವೆಲ್ಸ್ ತಂಡವನ್ನು ಕಟ್ಟಿದ ನಿನೆಟ್ ಡಿ ವಾಲ್ವಾ ಅವರ ಸಲಹೆ ಕೇಳಿದಾಗ ಅವರು ಸೂಚಿಸಿದ ಹೆಸರು ಇದು. 1951ರ ಫೆಬ್ರವರಿಯಲ್ಲಿ ಫ್ರಾಂಕಾ ಟೊರಾಂಟೊಗೆ ಬಂದು ನೆಲೆಸಿದಾಗ ಆಕೆಗೆ ಇಪ್ಪತ್ತೊಂಬತ್ತು ವರ್ಷ. ಅಲ್ಲಿ ಆಗ ತಂಡ ಇರಲಿಲ್ಲ, ಹಣವೂ ಇರಲಿಲ್ಲ. ಹೊಟ್ಟೆಪಾಡಿಗೆ ಈಟನ್ಸ್ ಎಂಬ ದೊಡ್ಡ ಅಂಗಡಿಯಲ್ಲಿ ಕಡತ ಜೋಡಿಸುವ ಗುಮಾಸ್ತೆಯಾಗಿ ಸೇರಿಕೊಂಡು, ಬಿಡುವಿನಲ್ಲಿ ನರ್ತಕರನ್ನು ಹುಡುಕಿ, ಅದೇ ವರ್ಷದ ನವೆಂಬರ್ 12ರಂದು ಅದೇ ಈಟನ್ ಸಂಸ್ಥೆಯ ಕಟ್ಟಡದ ಏಳನೆಯ ಮಹಡಿಯ ಸಭಾಂಗಣದಲ್ಲಿ ತಂಡದ ಮೊದಲ ಪ್ರದರ್ಶನ ನಡೆಸಿದರು. ನಡುವೆ ಇದ್ದದ್ದು ಒಂಬತ್ತೇ ತಿಂಗಳು.

ಈಗ ಆಸ್ಪತ್ರೆಯಲ್ಲಿ ಕಳೆದ ಆ ರಾತ್ರಿಯ ಮಾತು. ನನ್ನ ಯಜಮಾನರಿಗೆ ಏನಾಗಿತ್ತು, ಯಾವಾಗ ಆಯಿತು ಎಂಬುದು ನಿಮಗೆಲ್ಲ ಗೊತ್ತಿರುವುದರಿಂದ ಅದನ್ನು ಮತ್ತೆ ಬರೆಯುವುದಿಲ್ಲ. ಮಗಳ ವಿಮಾನ ಇಳಿಯುವುದು ಮರುದಿನ ಮಧ್ಯಾಹ್ನವಿತ್ತು. ಬಂದವರೆಲ್ಲ ಒಂಬತ್ತು ಗಂಟೆಯ ಹೊತ್ತಿಗೆ ಹೋದರು. ಹೋಗಲೇಬೇಕಿತ್ತು, ಅದರಲ್ಲಿ ಯಾರ ತಪ್ಪೂ ಇಲ್ಲ. ಒಬ್ಬರು ಮಾತ್ರ ಹೋಗಲಿಲ್ಲ. ಕೌಲ್ ಬಜಾರಿನ ನಮ್ಮ ಓಣಿಯಲ್ಲಿ ಎಲ್ಲರೂ ಅವರನ್ನು ಕಂಪನಿ ಅಕ್ಕ ಎನ್ನುತ್ತಾರೆ. ಒಂಬತ್ತನೆಯ ವಯಸ್ಸಿಗೆ ಬಾಲನಟಿಯಾಗಿ ನಾಟಕ ಕಂಪನಿ ಸೇರಿದವರು, ಆಮೇಲೆ ನಾಯಕಿಯ ಪಾತ್ರಗಳನ್ನು ಮಾಡಿದವರು, ದನಿ ಹೋದ ಮೇಲೆ ಅದೇ ಕಂಪನಿಯಲ್ಲಿ ಪೋಷಾಕಿನ ಪೆಟ್ಟಿಗೆಗಳನ್ನು ನೋಡಿಕೊಂಡವರು. ಕಂಪನಿ ಮುಚ್ಚಿದ ಮೇಲೆ ಓಣಿಯ ಹೆಂಗಸರಿಗೆ ಕುಪ್ಪಸ ಹೊಲಿದುಕೊಟ್ಟು ಬದುಕಿದವರು. ಅವರಿಗೂ ನನಗೂ ಅಲ್ಲಿಯವರೆಗೆ ಇದ್ದದ್ದು ನನ್ನ ವಿದ್ಯಾರ್ಥಿನಿಯರ ಪೋಷಾಕುಗಳ ಅಳತೆಯ ಸಂಬಂಧ ಮಾತ್ರ.

ಬಾಗಿಲ ಹೊರಗಿನ ಬೆಂಚಿನ ಮೇಲೆ ಅವರು ನನ್ನ ಪಕ್ಕ ಕೂತರು. ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ. ಬಹಳ ಹೊತ್ತಿನ ಮೇಲೆ, “ಟೀಚರ್, ನೀವು ಯಾವುದೋ ಹೊರದೇಶದ ಹೆಣ್ಮಗಳ ಕಂಪನಿ ಕತಿ ಬರೀತೀರಂತ. ಆಕಿ ಕಂಪನಿ ಹೆಂಗ ಕಟ್ಟಿದ್ಳು?” ಎಂದು ಕೇಳಿದರು. ನನಗೆ ಮಾತನಾಡುವ ಮನಸ್ಸಿರಲಿಲ್ಲ. ಆದರೆ ಹಿರಿಯರು ಕೇಳುತ್ತಿದ್ದಾರೆಂದು ನಾಲ್ಕು ಮಾತು ಹೇಳಿದೆ. “ತಾಲೀಮಿಗೆ ಜಾಗ?” ಎಂದರು. ಊರಿನ ಮಾರುಕಟ್ಟೆಯ ಮಗ್ಗುಲಲ್ಲಿದ್ದ ಸೇಂಟ್ ಲಾರೆನ್ಸ್ ಹಾಲ್ ಎಂಬ ಹಳೆಯ ಸಭಾಭವನದಲ್ಲಿ ಅವರು ಅಭ್ಯಾಸ ಮಾಡುತ್ತಿದ್ದರೆಂದು ಹೇಳಿದೆ. “ನಮ್ಮ ಕ್ಯಾಂಪೂ ಸಂತಿ ಬಯಲಿನ ಬಾಜೂಕೇ ಬೀಳ್ತಿತ್ತು” ಎಂದು ಅವರು ತಲೆಯಾಡಿಸಿದರು. ಮೊದಲ ದಿನ ಯಾವ ಆಟ ಹಚ್ಚಿದರು ಎಂದು ಕೇಳಿದರು. ಮಿಖಾಯಿಲ್ ಫೋಕಿನ್ ಸಂಯೋಜಿಸಿದ ‘ಲೆ ಸಿಲ್ಫೀಡ್’ ಮತ್ತು ‘ಪ್ರಿನ್ಸ್ ಈಗೋರ್’ ಒಪೆರಾದ ಕುಣಿತಗಳು ಆ ಸಂಜೆ ಇದ್ದವೆಂದೂ, ಒಂದು ಬಿಳಿಯ ಉಡುಪಿನ ನಿಧಾನ ನೃತ್ಯವಾದರೆ ಇನ್ನೊಂದು ಬಿಲ್ಲುಗಾರರ ಬಿರುಸಿನ ಕುಣಿತವೆಂದೂ ವಿವರಿಸಿದೆ. “ಒಂದು ಮೆತ್ತಂದು, ಒಂದು ಗಟ್ಟಿದು. ಸರಿ ಐತಿ” ಎಂದರು.

ಹೀಗೆ ಪ್ರಶ್ನೆ ಮುಗಿಯಲೇ ಇಲ್ಲ. ಪಗಾರ ಯಾರು ಕೊಡುತ್ತಿದ್ದರು, ಹುಡುಗಿಯರು ಎಲ್ಲಿ ಮಲಗುತ್ತಿದ್ದರು, ಯಜಮಾನಿ ತಾನೂ ಬಣ್ಣ ಹಚ್ಚುತ್ತಿದ್ದಳೇ, ನಾಯಕ ನಾಯಕಿ ಯಾರು. ಫ್ರಾಂಕಾ ಮೊದಲ ವರ್ಷಗಳಲ್ಲಿ ತಾವೂ ಕುಣಿಯುತ್ತಿದ್ದರೆಂದು, ಲೋಯಿಸ್ ಸ್ಮಿತ್ ಮತ್ತು ಡೇವಿಡ್ ಆಡಮ್ಸ್ ಎಂಬ ಗಂಡ ಹೆಂಡತಿ ಆ ತಂಡದ ಮೊದಲ ತಾರಾಜೋಡಿಯೆಂದು ಹೇಳಿದೆ. ಗೊತ್ತಿದ್ದದ್ದಕ್ಕೆ ಉತ್ತರ ಕೊಟ್ಟೆ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದೆ. ಎರಡು ಗಂಟೆಯ ಸುಮಾರಿಗೆ ನರ್ಸ್ ಬಂದು ಒಂದು ಕಾಗದಕ್ಕೆ ಸಹಿ ಕೇಳಿದರು. ಸಹಿ ಹಾಕುವಾಗ ನನ್ನ ಹೆಸರಿನ ಅಕ್ಷರಗಳು ನನಗೆ ನೆನಪಾಗಲಿಲ್ಲ. ಅಕ್ಕ ನನ್ನ ಮೊಣಕೈ ಹಿಡಿದುಕೊಂಡರು. ನರ್ಸ್ ಒಳಗೆ ಹೋದ ಮೇಲೆ, ನಡುವೆ ಏನೂ ಆಗಿಲ್ಲವೆಂಬಂತೆ, “ಬಟ್ಟಿ ಯಾರು ಹೊಲಿದ್ರು ಹೇಳಲಿಲ್ಲ ನೀವು” ಎಂದರು.

ಬೆಳಗಿನವರೆಗೂ ಅವರು ನನ್ನನ್ನು ಮಾತು ನಿಲ್ಲಿಸಗೊಡಲಿಲ್ಲ. ನನ್ನ ಯಜಮಾನರು ಆ ರಾತ್ರಿ ಉಳಿದರು. ಆಮೇಲೆ ಹನ್ನೊಂದು ದಿನ ಉಳಿದರು. ಮಗಳು ಬಂದಳು, ಅವರ ಕೈ ಹಿಡಿದಳು. ಅಷ್ಟು ಸಿಕ್ಕಿತು ನಮಗೆ. ಅಂಥ ಹೊತ್ತಿನಲ್ಲಿ ಬ್ಯಾಲೆಯ ಮಾತಾಡುತ್ತಾ ಕೂತೆನಲ್ಲ ಎಂದು ತಿಂಗಳುಗಟ್ಟಲೆ ನನ್ನನ್ನು ನಾನೇ ಶಪಿಸಿಕೊಂಡಿದ್ದೇನೆ. ಒಂದು ದಿನ ಅದನ್ನು ಬಾಯಿಬಿಟ್ಟು ಹೇಳಿದೆ. “ನೀವು ಮಾತು ನಿಲ್ಲಿಸಿದ್ರ ಬಿದ್ದು ಹೋಗ್ತಿದ್ರಿ, ಟೀಚರ್. ಅದಕ್ಕ ಕೇಳಿದೆ. ನನಗೇನು ಆ ದೇಶ ಗೊತ್ತಾ?” ಎಂದರು ಅಕ್ಕ. ಅಕ್ಕಾ, ಅವತ್ತು ನಿಮಗೆ ಉತ್ತರ ಕೊಡಲಾಗದೆ ಅತ್ತೆ. ಇದೇ ಆ ಉತ್ತರವೆಂದು ತಿಳಿದುಕೊಳ್ಳಿ.

ಪುಸ್ತಕಕ್ಕೂ ಅವರಿಂದ ಆದ ಉಪಕಾರ ದೊಡ್ಡದು. ಅದಕ್ಕೂ ಮೊದಲು ಬರೆದಿದ್ದ ಕರಡಿನಲ್ಲಿ ನಾನು ಕಥೆಯನ್ನು ಆರಂಭಿಸಿದ್ದು ಜಗತ್ಪ್ರಸಿದ್ಧ ನರ್ತಕ ರುಡಾಲ್ಫ್ ನುರಿಯೆವ್ ಅವರಿಂದ. ಅದು ಸಹಜವೂ ಹೌದು: 1972ರಲ್ಲಿ ಅವರು ಈ ತಂಡಕ್ಕಾಗಿ ‘ದಿ ಸ್ಲೀಪಿಂಗ್ ಬ್ಯೂಟಿ’ಯನ್ನು ನಿರ್ದೇಶಿಸಿದರು, ಮರುವರ್ಷ ತಂಡ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಹೌಸಿನಲ್ಲಿ ಕುಣಿಯಿತು, 1974ರ ಜೂನ್‌ನಲ್ಲಿ ಸೋವಿಯತ್ ನರ್ತಕ ಮಿಖಾಯಿಲ್ ಬರಿಷ್ನಿಕೊವ್ ತಮ್ಮ ದೇಶವನ್ನು ತೊರೆದು ಆಶ್ರಯ ಬೇಡಿದ್ದು ಟೊರಾಂಟೊದಲ್ಲೇ. ಓದುಗರನ್ನು ಹಿಡಿದು ನಿಲ್ಲಿಸಲು ಇಷ್ಟು ಸಾಕೆಂದು ಭಾವಿಸಿದ್ದೆ. ಅಕ್ಕ ಒಪ್ಪಲಿಲ್ಲ. “ಬಂದು ಹೋಗೋ ದೊಡ್ಡ ನಟನ ಕತಿ ಆಮ್ಯಾಲೆ. ಕಂಪನಿ ನಡೆಸಿದಾಕಿ ಕತಿ ಮೊದ್ಲು ಹೇಳ್ರಿ” ಎಂದರು. ಜಾತ್ರೆಯ ಕ್ಯಾಂಪಿಗೆ ಹೆಸರಾಂತ ನಟರನ್ನು ಕರೆಸಿದಾಗ ಟೆಂಟು ತುಂಬುವುದನ್ನೂ, ಅವರು ಹೊರಟ ಮೇಲೆ ಸಾಲ ಮಾತ್ರ ಉಳಿಯುವುದನ್ನೂ ಬನಶಂಕರಿಯಲ್ಲಿ, ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಕಣ್ಣಾರೆ ಕಂಡವರ ಮಾತದು. ನುರಿಯೆವ್ ಅವರ ಆ ವೈಭವದ ಪ್ರಯೋಗದ ಖರ್ಚು ಕೂಡ ಅಂದಾಜನ್ನು ಬಹಳ ಮೀರಿತ್ತು. ಆದರೆ ಅವರ ಜೊತೆಗೆ ಕುಣಿದ ಕ್ಯಾರೆನ್ ಕೇನ್ ಅವರಂಥ ಮನೆಯ ಮಕ್ಕಳನ್ನು ಜಗತ್ತು ನೋಡಿದ್ದೂ ಅದರಿಂದಲೇ. ಈ ಎರಡನ್ನೂ ಒಟ್ಟಿಗೆ ಬರೆಯಬೇಕೆಂದು ನನಗೆ ಹೊಳೆದದ್ದು ಅಕ್ಕನ ಮಾತಿನಿಂದ.

ಬಟ್ಟೆಯ ಪ್ರಶ್ನೆಯಂತೂ ನನ್ನ ಕಣ್ಣು ತೆರೆಸಿತು. ಕೇ ಆಂಬ್ರೋಸ್ ಎಂಬ ಇಂಗ್ಲಿಷ್ ಚಿತ್ರಕಾರ್ತಿಗೆ ನನ್ನ ಕರಡಿನಲ್ಲಿ ಒಂದೇ ವಾಕ್ಯವಿತ್ತು. ಈಕೆ 1952ರಿಂದ 1961ರವರೆಗೆ ತಂಡದ ಕಲಾ ಸಲಹೆಗಾರ್ತಿಯಾಗಿದ್ದು ರಂಗಸಜ್ಜಿಕೆಯನ್ನೂ ಪೋಷಾಕುಗಳನ್ನೂ ರೂಪಿಸಿದವರು. ಅಕ್ಕನಿಗೆ ಸರಿಯಾದ ಉತ್ತರ ಕೊಡಬೇಕೆಂದು ಹುಡುಕುತ್ತಾ ಹೋದಾಗ, ಇದೇ ಆಂಬ್ರೋಸ್ ಅದಕ್ಕೂ ಮೊದಲು ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ನರ್ತಕ ರಾಮ್ ಗೋಪಾಲ್ ಅವರ ತಂಡದ ಜೊತೆಗಿದ್ದು, ಭಾರತದ ಶಾಸ್ತ್ರೀಯ ನೃತ್ಯಗಳನ್ನೂ ಅವುಗಳ ವೇಷಭೂಷಣವನ್ನೂ ಕುರಿತು ತಾವೇ ಬರೆದ ರೇಖಾಚಿತ್ರಗಳೊಡನೆ 1950ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದ್ದರೆಂದು ತಿಳಿಯಿತು. ನಮ್ಮ ನೆರಿಗೆ, ನಮ್ಮ ಗೆಜ್ಜೆ, ನಮ್ಮ ಹಸ್ತಮುದ್ರೆಗಳನ್ನು ಕೂತು ನೋಡಿ ಕಾಗದಕ್ಕಿಳಿಸಿದ ಕೈಗಳೇ ಎರಡು ವರ್ಷಗಳ ಮೇಲೆ ಟೊರಾಂಟೊದ ಆ ಬಡ ತಂಡದ ಪೋಷಾಕುಗಳಿಗೆ ರೂಪ ಕೊಟ್ಟವು. ಈಗ ಆ ಒಂದು ವಾಕ್ಯ ಇಪ್ಪತ್ತೆರಡು ಪುಟಗಳ ಅಧ್ಯಾಯವಾಗಿದೆ. ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ಪ್ರಿಯವಾದ ಅಧ್ಯಾಯ ಅದೇ.

‘ನ್ಯಾಷನಲ್’ ಎಂಬ ಹೆಸರಿನ ಬಗ್ಗೆಯೂ ನಾವಿಬ್ಬರೂ ಬಹಳ ಮಾತಾಡಿದ್ದೇವೆ. ಆ ಹೆಸರು ಸುಲಭವಾಗಿ ದಕ್ಕಿದ್ದಲ್ಲ. ವಿನಿಪೆಗ್ ನಗರದಲ್ಲಿ 1939ರಿಂದಲೇ ಒಂದು ಬ್ಯಾಲೆ ತಂಡವಿತ್ತು, 1953ರಲ್ಲಿ ಅದಕ್ಕೆ ‘ರಾಯಲ್’ ಎಂಬ ಬಿರುದೂ ಬಂತು. ಹೀಗಿರುವಾಗ ಟೊರಾಂಟೊದಲ್ಲಿ ನಿನ್ನೆ ಮೊನ್ನೆ ಹುಟ್ಟಿದ್ದು ಇಡೀ ದೇಶದ ತಂಡ ಹೇಗಾಯಿತೆಂದು ಅಲ್ಲಿಯವರು ಕೇಳಿದ್ದರಲ್ಲಿ ನ್ಯಾಯವಿದೆ. “ಹೆಸರು ದೊಡ್ಡದು ಇಟ್ಕೊಂಡಾರ. ಊರೂರು ತಿರಿಗ್ಯಾರೇನು?” ಎಂದು ಅಕ್ಕ ಕೇಳಿದರು. ತಿರುಗಿದ್ದರು. ಒಂದು ಸಮುದ್ರದಿಂದ ಇನ್ನೊಂದು ಸಮುದ್ರದವರೆಗೆ ಐದು ಸಾವಿರ ಕಿಲೋಮೀಟರಿಗೂ ಹೆಚ್ಚು ಅಗಲದ ದೇಶದಲ್ಲಿ, ಹಿಮದ ದಿನಗಳಲ್ಲಿ ಕೂಡ, ಪೆಟ್ಟಿಗೆಗಳನ್ನು ಕಟ್ಟಿಕೊಂಡು ಪ್ರವಾಸ ಮಾಡಿದ್ದರು. ಕಲೆಗೆ ಅನುದಾನ ಕೊಡುವ ಕೆನಡಾ ಕೌನ್ಸಿಲ್ ಸ್ಥಾಪನೆಯಾದದ್ದು 1957ರಲ್ಲಿ. ಅಲ್ಲಿಯವರೆಗೆ ತಂಡವನ್ನು ಹೊತ್ತವರು ಚಂದಾ ಎತ್ತಿದ ಊರೂರಿನ ಕಲಾಭಿಮಾನಿಗಳು. ಮೊದಲು ಹೆಸರು ಹುಟ್ಟಿತು, ಆ ಹೆಸರನ್ನು ನಿಜ ಮಾಡಲು ಆಮೇಲೆ ದುಡಿದರು ಎಂದು ನಾನು ಬರೆದಿದ್ದೇನೆ. ಈ ತೀರ್ಮಾನ ನನ್ನದು, ಇದನ್ನು ಒಪ್ಪದವರ ಜೊತೆ ಚರ್ಚಿಸಲು ಸಿದ್ಧಳಿದ್ದೇನೆ.

ನನ್ನನ್ನು ಅತಿ ಹೆಚ್ಚು ತಟ್ಟಿದ ವರ್ಷ 1959. ಫ್ರಾಂಕಾ ಮತ್ತು ಬೆಟ್ಟಿ ಓಲಿಫಂಟ್ ಸೇರಿ ನ್ಯಾಷನಲ್ ಬ್ಯಾಲೆ ಶಾಲೆಯನ್ನು ತೆರೆದದ್ದು ಆಗ. ಗಣಿತ, ಭಾಷೆ, ವಿಜ್ಞಾನಗಳನ್ನೂ ನೃತ್ಯವನ್ನೂ ಒಂದೇ ಸೂರಿನಡಿ ಕಲಿಸುವ ಶಾಲೆ ಅದು. ಅಲ್ಲಿ ಕಲಿತ ವೆರೋನಿಕಾ ಟೆನಂಟ್ ಹದಿಹರೆಯದಲ್ಲೇ ಜೂಲಿಯೆಟ್ ಪಾತ್ರ ವಹಿಸಿ ತಂಡದ ನಾಯಕಿಯಾದರು. 1969ರಲ್ಲಿ ಶಾಲೆಯಿಂದ ತಂಡಕ್ಕೆ ಬಂದ ಕ್ಯಾರೆನ್ ಕೇನ್ 2005ರಿಂದ 2021ರವರೆಗೆ ಅದೇ ತಂಡದ ಕಲಾ ನಿರ್ದೇಶಕಿಯಾದರು. ಈ ಅಧ್ಯಾಯವನ್ನು ಬರೆಯುವಾಗ ಚದುರಿಹೋದ ನನ್ನ ಹದಿನಾಲ್ಕು ಮಂದಿಯ ಮುಖಗಳು ಎದುರಿಗೆ ಬಂದವು. ನಾನು ಪ್ರದರ್ಶನಗಳನ್ನು ಕಟ್ಟಿದೆ, ಬೆನ್ನಿಗೆ ಬರುವ ಹುಡುಗಿಯರನ್ನು ತಯಾರು ಮಾಡಲಿಲ್ಲ. ಆ ಹದಿನಾಲ್ಕು ಮಂದಿಯಲ್ಲಿ ಒಂಬತ್ತು ಮಂದಿ ಭಾನುವಾರ ಬಂದಿದ್ದಿರಿ, ಇಬ್ಬರು ನಿಮ್ಮ ಮಕ್ಕಳನ್ನೂ ಕರೆತಂದಿದ್ದಿರಿ. ನಿಮಗೆ ನನ್ನ ಮನಸ್ಸಿನ ನಮಸ್ಕಾರ.

1974ರಲ್ಲಿ ಫ್ರಾಂಕಾ ತಂಡವನ್ನು ಬಿಟ್ಟುಕೊಟ್ಟರು. 2006ರಲ್ಲಿ ಟೊರಾಂಟೊದ ಫೋರ್ ಸೀಸನ್ಸ್ ಸೆಂಟರ್ ಎಂಬ ರಂಗಮಂದಿರ ತೆರೆದಾಗ ತಂಡ ಅಲ್ಲಿ ನೆಲೆಯೂರಿತು. ಮರುವರ್ಷ, 2007ರ ಫೆಬ್ರವರಿಯಲ್ಲಿ, ಫ್ರಾಂಕಾ ಒಟ್ಟಾವಾದಲ್ಲಿ ತೀರಿಕೊಂಡರು. ಕೊನೆಯ ಅಧ್ಯಾಯವನ್ನು ಅಲ್ಲಿಗೇ ನಿಲ್ಲಿಸಿದ್ದೇನೆ.

ಕಂಪನಿ ಅಕ್ಕನಿಗೆ ಓದಲು ಬರುವುದಿಲ್ಲ. ಪಾತ್ರಗಳನ್ನೆಲ್ಲ ಅವರು ಕಿವಿಯಿಂದ ಕೇಳಿಯೇ ಬಾಯಿಪಾಠ ಮಾಡಿದವರು. ಬಿಡುಗಡೆಯ ದಿನ ಮೊದಲ ಪ್ರತಿಯನ್ನು ಅವರ ಕೈಗೆ ಕೊಟ್ಟಾಗ ಅದನ್ನು ಕಣ್ಣಿಗೊತ್ತಿಕೊಂಡು, “ಓದಿ ಹೇಳವರು ಯಾರು?” ಎಂದು ಕೇಳಿದರು. ಸೋಮವಾರದಿಂದ ದಿನವೂ ಸಂಜೆ ಆರು ಗಂಟೆಗೆ ಅವರ ಮನೆಯ ಕಟ್ಟೆಯ ಮೇಲೆ ಕೂತು ನಾನು ಓದುತ್ತಿದ್ದೇನೆ. ಓಣಿಯ ಮೂರ್ನಾಲ್ಕು ಹೆಂಗಸರೂ ಬಂದು ಕೂಡುತ್ತಾರೆ. ಆಂಬ್ರೋಸ್ ಅವರ ಅಧ್ಯಾಯವನ್ನು ಎರಡು ಸಲ ಓದಿಸಿಕೊಂಡಿದ್ದರಿಂದ ನಾವು ಇನ್ನೂ 1959ರ ಶಾಲೆಯ ಬಳಿಯೇ ಇದ್ದೇವೆ. ನಾಳೆ 1964ರ ಅಧ್ಯಾಯ, ತಂಡ ಓಕೀಫ್ ಸೆಂಟರ್ ಎಂಬ ದೊಡ್ಡ ರಂಗಮಂದಿರಕ್ಕೆ ಬಂದು ಜಾನ್ ಕ್ರಾಂಕೊ ಸಂಯೋಜಿಸಿದ ‘ರೋಮಿಯೊ ಅಂಡ್ ಜೂಲಿಯೆಟ್’ ಆಡಿದ ವರ್ಷ. ಬರುವ ಮನಸ್ಸಿರುವವರು ಬನ್ನಿ. ಚಹಾ ಅಕ್ಕನ ಮನೆಯಲ್ಲೇ ಆಗುತ್ತದೆ. ಸಕ್ಕರೆ ನಾನು ತರುತ್ತೇನೆ.