ಮಸ್ಕಿಟೊ ಪರವಾದ ಲೆಕ್ಕ ಅರ್ಧ ಮಾತ್ರ ಸರಿ

ಮಾನ್ಯ ಸಂಪಾದಕರೇ,

ಬ್ರಿಟನ್ ಎರಡನೇ ಮಹಾಯುದ್ಧದಲ್ಲಿ ಭಾರಿ ಲ್ಯಾಂಕಾಸ್ಟರ್ ಬಾಂಬರ್ ವಿಮಾನಗಳನ್ನು ಬಿಟ್ಟು ಬರೀ ಹಗುರ ಮಸ್ಕಿಟೊ ಬಾಂಬರ್‌ಗಳನ್ನೇ ಕಟ್ಟಿದ್ದರೆ ಸಾವಿರಾರು ಜೀವ ಉಳಿಯುತ್ತಿದ್ದವು ಎಂದು ನಿಮ್ಮ ಭಾನುವಾರದ ಪುರವಣಿಯ ಲೇಖನ ತೀರ್ಪು ಕೊಟ್ಟಿದೆ. ವಾದ ಹಳೆಯದು. ಅದರ ಅರ್ಧ ಲೆಕ್ಕ ಸರಿಯಿದೆ. ಉಳಿದರ್ಧವನ್ನು ಲೇಖಕರು ಮಾಡಿಯೇ ಇಲ್ಲ.

ಸರಿಯಿರುವ ಅರ್ಧ ಇದು. ಲ್ಯಾಂಕಾಸ್ಟರ್‌ಗೆ ನಾಲ್ಕು ಮರ್ಲಿನ್ ಎಂಜಿನ್, ಏಳು ಸಿಬ್ಬಂದಿ, ಗಂಟೆಗೆ ಹೆಚ್ಚೆಂದರೆ 450 ಕಿ.ಮೀ. ಚಿಲ್ಲರೆ ವೇಗ. ಮಸ್ಕಿಟೊ ಬಾಂಬರ್‌ಗೆ ಅದೇ ಮರ್ಲಿನ್ ಎರಡು, ಸಿಬ್ಬಂದಿ ಇಬ್ಬರು, ಬಂದೂಕು ಒಂದೂ ಇಲ್ಲ. ಕೊನೆಯ ಮಾದರಿಗಳು ಎತ್ತರದಲ್ಲಿ 650 ಕಿ.ಮೀ. ಮುಟ್ಟುತ್ತಿದ್ದವು. ಬರ್ಲಿನ್‌ವರೆಗೆ ಲ್ಯಾಂಕಾಸ್ಟರ್ ಒಯ್ಯುತ್ತಿದ್ದುದು ಸುಮಾರು 4 ಟನ್. ಹೊಟ್ಟೆ ಉಬ್ಬಿಸಿ ಮಾರ್ಪಡಿಸಿದ ಮಸ್ಕಿಟೊ ಒಯ್ಯುತ್ತಿದ್ದುದು ‘ಕುಕಿ’ ಎಂದು ಕರೆಯುತ್ತಿದ್ದ 4,000 ಪೌಂಡಿನ ಒಂದು ಬಾಂಬು, ಅಂದರೆ 1.8 ಟನ್. ಒಂದು ಎಂಜಿನ್‌ಗೆ ಎಷ್ಟು ಬಾಂಬು ಎಂಬ ಲೆಕ್ಕದಲ್ಲಿ ಎರಡೂ ಹೆಚ್ಚುಕಮ್ಮಿ ಸಮ. ಆದರೆ ಹೋದ ಪ್ರತಿ ನೂರು ಹಾರಾಟಕ್ಕೆ ಎರಡಕ್ಕಿಂತ ತುಸು ಹೆಚ್ಚು ಲ್ಯಾಂಕಾಸ್ಟರ್ ಮರಳಲಿಲ್ಲ. ಬ್ರಿಟಿಷ್ ವಾಯುಪಡೆಯ ಬಾಂಬರ್ ಕಮಾಂಡಿನ ಮಸ್ಕಿಟೊಗಳಲ್ಲಿ ಆ ಸಂಖ್ಯೆ ಒಂದನ್ನೂ ಮುಟ್ಟಲಿಲ್ಲ, 0.6ರ ಆಸುಪಾಸು. ಭಾಗಿಸಿ ನೋಡಿದರೆ, ಕಳೆದುಕೊಂಡ ಒಬ್ಬೊಬ್ಬ ಸಿಬ್ಬಂದಿಗೆ ಲ್ಯಾಂಕಾಸ್ಟರ್ ಹಾಕಿದ್ದು 25 ಟನ್ ಚಿಲ್ಲರೆ ಬಾಂಬು, ಮಸ್ಕಿಟೊ ಅದರ ಐದು ಪಟ್ಟಿಗೂ ಹೆಚ್ಚು. ಹಾರಾಟದ ಸಿಬ್ಬಂದಿ ಸುಮಾರು 1,25,000 ಜನರಲ್ಲಿ 55,573 ಮಂದಿಯನ್ನು ಕಳೆದುಕೊಂಡ ಕಮಾಂಡಿಗೆ ಇದು ಸಣ್ಣ ಮಾತಲ್ಲ.

ಈಗ ಬಿಟ್ಟುಹೋದ ಅರ್ಧ. ಮಸ್ಕಿಟೊ ಅಷ್ಟು ಸುರಕ್ಷಿತವಾಗಿದ್ದುದು ವೇಗದಿಂದ ಮಾತ್ರವಲ್ಲ. ಜರ್ಮನ್ ರಾತ್ರಿ ಫೈಟರ್‌ಗಳಿಗೆ ಬೇರೆ ಬೇಟೆ ಇತ್ತು. ಮೆಸರ್‌ಶ್ಮಿಟ್ 110, ಜಂಕರ್ಸ್ 88ಗಳನ್ನು ನಿಧಾನವಾಗಿ ಸಾಲಾಗಿ ಬರುವ ಭಾರಿ ವಿಮಾನಗಳಿಗೆಂದೇ ಸಜ್ಜು ಮಾಡಲಾಗಿತ್ತು. 1944ರ ಮಾರ್ಚ್ 30ರ ರಾತ್ರಿ ನ್ಯೂರೆಂಬರ್ಗ್‌ಗೆ ಹೊರಟ 795 ವಿಮಾನಗಳಲ್ಲಿ 95 ಮರಳದಿದ್ದುದು ಹೀಗೆ. ಬರೀ ಮಸ್ಕಿಟೊಗಳೇ ಬಂದಿದ್ದರೆ ಜರ್ಮನರು ತಮ್ಮ ಫೈಟರ್‌ಗಳನ್ನೂ ಬದಲಿಸುತ್ತಿದ್ದರು. 1945ರ ಆರಂಭದಲ್ಲಿ ಕುರ್ಟ್ ವೆಲ್ಟರ್‌ನ ತುಕಡಿ ಜೆಟ್ ಮೆಸರ್‌ಶ್ಮಿಟ್ 262ಗಳನ್ನು ಬರ್ಲಿನ್ ಮೇಲೆ ಮಸ್ಕಿಟೊ ಬೇಟೆಗೇ ಇಳಿಸಿತು. ಅದಕ್ಕೂ ಮೊದಲು, 1942ರ ಹಗಲು ದಾಳಿಗಳಲ್ಲಿ ಮಸ್ಕಿಟೊಗಳ ನಷ್ಟ ಈ 0.6ಕ್ಕಿಂತ ಬಹಳ ಮೇಲಿತ್ತು.

ಎರಡನೆಯದು, ಟನ್ನುಗಳನ್ನು ಎಣಿಸಿದರೆ ಸಾಲದು, ಅದು ಯಾವ ಟನ್ನು ಎಂದೂ ಕೇಳಬೇಕು. ಕುಕಿ ಎಂದರೆ ತೆಳು ತಗಡಿನ ಡ್ರಮ್ಮಿನಲ್ಲಿ ತುಂಬಿದ ಸ್ಫೋಟಕ. ಛಾವಣಿ ಹಾರಿಸುತ್ತದೆ, ಕಿಟಕಿ ಒಡೆಯುತ್ತದೆ, ಕಾಂಕ್ರೀಟಿನೊಳಗೆ ಇಳಿಯುವುದಿಲ್ಲ. ಕಾಂಕ್ರೀಟಿಗೆ, ಕವಚ ಹೊದ್ದ ಹಡಗಿಗೆ ಬೇಕಾದದ್ದು ದಪ್ಪ ಉಕ್ಕಿನ ಕವಚದ, ಗಾಳಿ ಸೀಳುವ ಆಕಾರದ, 12,000 ಪೌಂಡಿನ ಟಾಲ್‌ಬಾಯ್. ಅದಕ್ಕೆ ಲ್ಯಾಂಕಾಸ್ಟರ್‌ನ ಹತ್ತು ಮೀಟರ್ ಉದ್ದದ, ನಡುವೆ ಅಡ್ಡಗೋಡೆಯಿಲ್ಲದ ಬಾಂಬ್ ಬೇ, ಅಂದರೆ ಬಾಂಬು ಹೊರುವ ಒಡಲು, ಬೇಕು. 1944ರ ಜೂನ್‌ನಲ್ಲಿ ಫ್ರಾನ್ಸಿನ ಸೋಮ್ಯೂರ್ ರೈಲು ಸುರಂಗ ಕುಸಿದದ್ದೂ, ನವೆಂಬರ್ 12ರಂದು ನಾರ್ವೆಯ ಟ್ರೊಮ್ಸೊ ಬಳಿ ಜರ್ಮನ್ ಯುದ್ಧನೌಕೆ ಟಿರ್ಪಿಟ್ಸ್ ಮಗುಚಿದ್ದೂ ಟಾಲ್‌ಬಾಯ್‌ಗಳಿಂದ. ಎಷ್ಟು ಮಸ್ಕಿಟೊಗಳನ್ನು ಕಳಿಸಿದರೂ ಈ ಎರಡು ಕೆಲಸ ಆಗುತ್ತಿರಲಿಲ್ಲ.

ಗುರಿಯ ವಿಷಯದಲ್ಲಿ ಈ ಎರಡು ವಿಮಾನ ಪ್ರತಿಸ್ಪರ್ಧಿಗಳೇ ಅಲ್ಲ. ಬ್ರಿಟಿಷ್ ಬಾಂಬ್ ದಾಳಿಗಳ ನಿಖರತೆ ಪರಿಶೀಲಿಸಿದ 1941ರ ಬಟ್ ವರದಿಯ ಪ್ರಕಾರ, ಗುರಿಗೆ ಬಾಂಬು ಹಾಕಿದೆವೆಂದ ವಿಮಾನಗಳಲ್ಲಿ ಐದು ಮೈಲಿಯೊಳಗೆ ತಲುಪಿದ್ದು ಮೂರರಲ್ಲಿ ಒಂದು ಮಾತ್ರ. ಇದನ್ನು ಸರಿಪಡಿಸಿದ್ದರಲ್ಲಿ ಒಬೋ ಎಂಬ ರೇಡಿಯೊ ಮಾರ್ಗದರ್ಶನ ವ್ಯವಸ್ಥೆಗೆ ದೊಡ್ಡ ಪಾಲು. ಇಂಗ್ಲೆಂಡಿನ ಒಂದು ರೇಡಿಯೊ ಕೇಂದ್ರ ವಿಮಾನವನ್ನು ತನ್ನಿಂದ ನಿಗದಿತ ದೂರದ ಚಾಪದ ಮೇಲೆ ನಡೆಸುತ್ತಿತ್ತು. ಇನ್ನೊಂದು, ಬಾಂಬು ಬಿಡುವ ಕ್ಷಣ ಹೇಳುತ್ತಿತ್ತು. ಸಂಕೇತ ನೇರ ರೇಖೆಯಲ್ಲಿ ಹೋಗುವುದರಿಂದ, ಭೂಮಿಯ ಬಾಗು ಅಡ್ಡ ಬರದಂತೆ ವಿಮಾನ ತುಂಬಾ ಮೇಲೆ ಹಾರಬೇಕು. ಆ ಎತ್ತರ ಮಸ್ಕಿಟೊಗೆ ಸಲೀಸು, ತುಂಬು ಹೊರೆಯ ಲ್ಯಾಂಕಾಸ್ಟರ್‌ಗೆ ಅಲ್ಲ. ಆದರೆ ಒಂದು ಜೋಡಿ ಕೇಂದ್ರ ಒಂದು ಹೊತ್ತಿಗೆ ನಡೆಸಬಲ್ಲದ್ದು ಒಂದೇ ವಿಮಾನವನ್ನು. ಹಾಗಾಗಿ ಮಸ್ಕಿಟೊ ಬಣ್ಣದ ಗುರುತುದೀಪ ಹಾಕುತ್ತಿತ್ತು, ನೂರಾರು ಲ್ಯಾಂಕಾಸ್ಟರ್‌ಗಳು ಆ ಗುರುತಿನ ಮೇಲೆ ಸುರಿಯುತ್ತಿದ್ದವು. ಒಬೋ ಪಶ್ಚಿಮ ಜರ್ಮನಿಯ ಕೈಗಾರಿಕಾ ಪ್ರದೇಶವಾದ ರೂರ್ ಕಣಿವೆಗೆ ಮುಟ್ಟುತ್ತಿತ್ತು, ಬರ್ಲಿನ್‌ಗೆ ಮುಟ್ಟುತ್ತಿರಲಿಲ್ಲ.

‘ಮರದ ವಿಮಾನ, ಎಲ್ಲಿ ಬೇಕಾದರೂ ಕಟ್ಟಬಹುದಿತ್ತು’ ಎಂಬ ಮಾತೂ ಅಷ್ಟು ಸರಳವಲ್ಲ. ಬರ್ಚ್ ಪ್ಲೈವುಡ್‌ನ ಎರಡು ಪದರಗಳ ನಡುವೆ ಬಾಲ್ಸಾ ಇಟ್ಟು ಅಂಟಿಸಿದ ಮೈ ಅದರದ್ದು. ಪೀಠೋಪಕರಣದ ಕಾರ್ಖಾನೆಗಳು ಅದನ್ನು ಮಾಡಿದವು, ನಿಜ. ಎಂಜಿನ್ ಮಾತ್ರ ಸ್ಪಿಟ್‌ಫೈರ್, ಲ್ಯಾಂಕಾಸ್ಟರ್‌ಗಳೂ ಬೇಡುತ್ತಿದ್ದ ಅದೇ ಮರ್ಲಿನ್. ಮೊದಮೊದಲ ಅಂಟು ಹಾಲಿನ ಕೇಸೀನ್‌ನದು. ಅದು ತೇವಕ್ಕೆ ಸಡಿಲವಾಗುತ್ತಿತ್ತು, ಬೂಷ್ಟು ಹಿಡಿಯುತ್ತಿತ್ತು. 1944ರ ಕೊನೆಯಲ್ಲಿ ಭಾರತ–ಬರ್ಮಾ ರಂಗದಲ್ಲಿ ಕೆಲವು ಮಸ್ಕಿಟೊಗಳು ಗಾಳಿಯಲ್ಲೇ ಮುರಿದವು. ಪರೀಕ್ಷೆ ಮುಗಿಯುವವರೆಗೆ ಅಲ್ಲಿ ಹಾರಾಟ ನಿಲ್ಲಿಸಬೇಕಾಯಿತು. ಹೊಣೆ ಹವಾಮಾನದ್ದೋ ಕಾರ್ಖಾನೆಯ ಕೆಟ್ಟ ಜೋಡಣೆಯದ್ದೋ ಎಂದು ಜಗಳವಾಯಿತು. ಹೊಸ ಪೈಲಟ್‌ಗೂ ಅದು ಸುಲಭದ ವಿಮಾನವಲ್ಲ: ಎರಡೂ ಪ್ರೊಪೆಲರ್ ಒಂದೇ ದಿಕ್ಕಿಗೆ ತಿರುಗುವುದರಿಂದ ಟೇಕಾಫ್‌ನಲ್ಲಿ ಮೂತಿ ಎಡಕ್ಕೆ ಎಳೆಯುತ್ತದೆ, ಎಡ ಥ್ರಾಟಲ್ ತುಸು ಮುಂಚೆ ಒತ್ತಬೇಕು. ಕುಕಿ ಹೊತ್ತು ನೆಲ ಬಿಟ್ಟ ಕೂಡಲೇ ಒಂದು ಎಂಜಿನ್ ಕೈಕೊಟ್ಟರೆ ಉಳಿಯುವ ಆಸೆ ಕಡಿಮೆ.

ಲೇಖಕರು ನಿಜಕ್ಕೂ ಟೀಕಿಸಬೇಕಿದ್ದುದು ಲ್ಯಾಂಕಾಸ್ಟರ್‌ನ ಗನ್ ಟರೆಟ್‌ಗಳನ್ನು, ಅಂದರೆ ತಿರುಗುವ ಬಂದೂಕು ಗೂಡುಗಳನ್ನು. 7.7 ಮಿ.ಮೀ. ಬಂದೂಕುಗಳ ಆ ಮೂರು ಟರೆಟ್‌ಗಳ ತೂಕಕ್ಕೂ ಗಾಳಿತಡೆಗೂ ವೇಗ ಹೋಗುತ್ತಿತ್ತು. ಕೆಳಗಿನಿಂದ ಬಂದು, ಮೇಲ್ಮುಖ ಫಿರಂಗಿಯಲ್ಲಿ ರೆಕ್ಕೆಯ ಇಂಧನ ತೊಟ್ಟಿಗೆ ಹೊಡೆಯುತ್ತಿದ್ದ ಫೈಟರ್ ಅವಕ್ಕೆ ಕಾಣುತ್ತಲೇ ಇರಲಿಲ್ಲ. ಎರಡು ಟರೆಟ್ ತೆಗೆದುಹಾಕಿ ಎಂದು ಬಾಂಬರ್ ಕಮಾಂಡಿನ ಸಂಶೋಧನಾ ವಿಭಾಗದಲ್ಲಿದ್ದ ಫ್ರೀಮನ್ ಡೈಸನ್ ವಾದಿಸಿದ್ದರು. ಯಾರೂ ಕಿವಿಗೊಡಲಿಲ್ಲ.

ನಮ್ಮ ವಾಯುಪಡೆ ಭಾರಿ ಬಾಂಬರ್, ವೇಗದ ಹಗುರ ಬಾಂಬರ್ ಎರಡೂ ಬಗೆಯನ್ನು ಬಳಸಿದೆ. ಕಾನ್ಪುರದಲ್ಲಿ ಬ್ರಿಟಿಷರು ಕೆಡಿಸಿ ಬಿಟ್ಟುಹೋಗಿದ್ದ ಭಾರಿ ಲಿಬರೇಟರ್‌ಗಳನ್ನು ಬೆಂಗಳೂರಿನ ಎಚ್‌ಎಎಲ್ 1948ರಿಂದ ರಿಪೇರಿ ಮಾಡಿ ಹಾರಿಸಿತು. 1957ರಲ್ಲಿ ಬಂದ ಕ್ಯಾನ್‌ಬೆರಾ ಮಸ್ಕಿಟೊದ ಜೆಟ್ ಉತ್ತರಾಧಿಕಾರಿ. 1961ರ ಡಿಸೆಂಬರ್ 18ರಂದು ಪುಣೆಯಿಂದ ಹೊರಟ ಹನ್ನೆರಡು ಕ್ಯಾನ್‌ಬೆರಾಗಳು ಗೋವಾದ ದಾಬೋಲಿಂ ರನ್‌ವೇ ಮೇಲೆ 63,000 ಪೌಂಡ್ ಬಾಂಬು ಹಾಕಿ, ಒಂದೂ ನಷ್ಟವಿಲ್ಲದೆ ಮರಳಿದವು. ಅದೇ ರಾತ್ರಿ ಪೋರ್ಚುಗೀಸರು ಗುಂಡಿಗಳನ್ನು ತೇಪೆ ಹಾಕಿ, ಉಳಿದ ರನ್‌ವೇಯಿಂದಲೇ ಎರಡು ದೊಡ್ಡ ಪ್ರಯಾಣಿಕ ವಿಮಾನಗಳನ್ನು ಕರಾಚಿಗೆ ಹಾರಿಸಿಕೊಂಡು ಹೋದರು. ನಷ್ಟವನ್ನೂ ಟನ್ನುಗಳನ್ನೂ ಎಣಿಸಿದರಷ್ಟೇ ಸಾಲದು ಎಂಬುದಕ್ಕೆ ಇದೂ ಸಾಕ್ಷಿ.

— ವಿಮಾನ ಇತಿಹಾಸದ ಓದುಗ, ಬೆಂಗಳೂರು